ಕಾರ್ಡು ಮಗುವಿಗೆ, ಹೊರೆ ಮನೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳಲ್ಲಿ ಅಂಗವಿಕಲ ಮಗುವಿರುವ ಮನೆಗೆ ಸರ್ಕಾರದ ಕಡೆಯಿಂದ ಬರುವವರು ಬಹುಮಟ್ಟಿಗೆ ಒಬ್ಬರೇ: ಊರವರ ಬಾಯಲ್ಲಿ ‘ವಿ.ಆರ್.ಡಬ್ಲ್ಯು.’ ಆಗಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಗೊಬ್ಬರು, ಹೆಚ್ಚಿನವರು ಸ್ವತಃ ಅಂಗವಿಕಲರು, ದುಡಿಮೆ ಗೌರವಧನದ ಮೇಲೆ. ತಾಲ್ಲೂಕು ಮಟ್ಟದಲ್ಲಿ ಅವರ ಮೇಲೊಬ್ಬ ವಿವಿಧೋದ್ದೇಶ ಕಾರ್ಯಕರ್ತ. ಕರ್ನಾಟಕ ಕಟ್ಟಿದ ಈ ವ್ಯವಸ್ಥೆಯ ಗುಣ ಇಲ್ಲೇ ಇದೆ. ಊರಿನ ಓಣಿ ಬಲ್ಲವರು, ಕುಂಟುತ್ತಲೋ ತ್ರಿಚಕ್ರ ವಾಹನದಲ್ಲೋ ಬಾಗಿಲಿಗೆ ಬಂದವರು ತಾಯಿಯೊಂದಿಗೆ ಆಡುವ ಮಾತಿಗೆ ಕಚೇರಿಯ ಕಾಗದಕ್ಕಿಲ್ಲದ ತೂಕವಿರುತ್ತದೆ.

ಆದರೆ ಅವರ ಕೈಗೆ ವ್ಯವಸ್ಥೆ ಕೊಟ್ಟಿರುವುದು ಬಹುಪಾಲು ಅರ್ಜಿ. ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡು, ಮಾಸಾಶನ, ಬಸ್ ಪಾಸು, ಸಲಕರಣೆ. ಕಾರ್ಡು ಬಿಟ್ಟು ಉಳಿದ ಹೆಚ್ಚಿನವಕ್ಕೆ ಅಡ್ಡಲಾಗಿ ಶೇ. 40ರ ವೈಕಲ್ಯದ ಗೆರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿತು. ಆಟಿಸಂ, ಮಸ್ಕ್ಯುಲರ್ ಡಿಸ್ಟ್ರೊಫಿ, ಹಿಮೋಫಿಲಿಯಾ, ಥಲಸ್ಸೀಮಿಯಾ ಈ ಪಟ್ಟಿಯಲ್ಲಿ ಮೊದಲ ಬಾರಿಗೆ ಹೆಸರು ಪಡೆದವು. ಇದು ದೊಡ್ಡ ಹೆಜ್ಜೆಯೇ. ಆದರೂ ಶೇಕಡಾವಾರು ಲೆಕ್ಕಕ್ಕೆ ಪೋಲಿಯೊ ಬಡಿದ ಕಾಲು ಒಗ್ಗುವಷ್ಟು ಹಿಮೋಫಿಲಿಯಾ ಒಗ್ಗುವುದಿಲ್ಲ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಈ ಕಾಯಿಲೆಯ ಹುಡುಗ ಇವತ್ತು ಓಡಾಡುತ್ತಾನೆ. ನಾಳೆ ಮೊಣಕಾಲೊಳಗೆ ರಕ್ತ ಸೋರಿ ವಾರಗಟ್ಟಲೆ ಮಲಗುತ್ತಾನೆ. ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಲು ಅಪ್ಪ ಬಿಟ್ಟ ಕೂಲಿಗೆ ಪ್ರಮಾಣಪತ್ರದಲ್ಲಿ ಕಾಲಂ ಇಲ್ಲ.

ಮನೆಯವರ ದುಡಿಮೆಯನ್ನು ರಾಜ್ಯ ಗುರುತಿಸಿದ್ದು ತಡವಾಗಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ಬಜೆಟ್ ಘೋಷಿಸಿತು. ಮೊತ್ತ ಸಣ್ಣದು, ತತ್ವ ಸರಿಯಾದದ್ದು. ಆದರೆ ಸಹಾಯ ಸಿಗಬೇಕಾದದ್ದು ಆರೈಕೆಗೋ, ಕಾಯಿಲೆಯ ಹೆಸರಿಗೋ? ತೀವ್ರ ಬುದ್ಧಿಮಾಂದ್ಯವಿರುವ ಹದಿನಾಲ್ಕರ ಮಗಳನ್ನು ಒಂಟಿಯಾಗಿ ಬಿಟ್ಟು ಹೊಲಕ್ಕೆ ಹೋಗಲಾಗದ ತಾಯಿಯ ದಿನವೂ ಅಷ್ಟೇ ಉದ್ದ.

ಈ ಸೀಮೆಯ ಇನ್ನೊಂದು ಸತ್ಯ ಗುಳೆ. ಮಳೆ ನಂಬಿದ ಹೊಲ ಕೈಕೊಟ್ಟರೆ ಕೂಡ್ಲಿಗಿ, ಹರಪನಹಳ್ಳಿ ಕಡೆಯ ಕುಟುಂಬಗಳು ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಡುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳ ತಪಾಸಣೆ ಮಾಡಬೇಕು. ವಿಶೇಷ ಶಿಕ್ಷಕರು ಶಾಲೆಗೆ ಬರಲಾಗದ ಮಗುವಿನ ಮನೆಗೇ ಹೋಗಿ ಕಲಿಸಬೇಕು. ಯೋಜನೆಗಳು ಚೆನ್ನಾಗಿವೆ. ಆದರೆ ಅವು ಮನೆ ಒಂದೇ ಕಡೆ ನಿಂತಿರುತ್ತದೆಂದು ನಂಬಿವೆ. ತಿಂಗಳುಗಟ್ಟಲೆ ಊರು ಬಿಟ್ಟ ಮಗುವಿನ ವ್ಯಾಯಾಮ ನಿಂತರೆ ಬಿಗಿದುಕೊಂಡ ಸ್ನಾಯು ಮತ್ತೆ ಸಡಿಲವಾಗುವುದು ಕಷ್ಟ.

ಕುಟುಂಬವನ್ನೇ ನಡುವೆ ಇಟ್ಟುಕೊಂಡ ಮಾದರಿ ಹತ್ತಿರದಲ್ಲೇ ಇದೆ. ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ದಾವಣಗೆರೆಯಲ್ಲಿ ಕಟ್ಟಿ ಬೆಳೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ರೋಗಿಗಳೂ ಮನೆಯವರೂ ಕೂಡಿ ನಡೆಸುವ ಸಂಸ್ಥೆ. ಈ ಕಾಯಿಲೆಯ ಆರೈಕೆಯಲ್ಲಿ ಔಷಧದಷ್ಟೇ ಮುಖ್ಯವಾದದ್ದು ಕಲಿಕೆ: ರಕ್ತಸ್ರಾವದ ಮೊದಲ ಸುಳಿವು ಹಿಡಿಯುವುದು, ತಡಮಾಡದೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡಿಸುವುದು, ತಾಯಿಯ ಕಡೆಯ ಹೆಣ್ಣುಮಕ್ಕಳಲ್ಲಿ ವಾಹಕರಾರೆಂದು ಪರೀಕ್ಷಿಸುವುದು. ಕಾಯಿಲೆ ತಾಯಿಯಿಂದ ಮಗನಿಗೆ ಬರುತ್ತದೆ ಎಂಬ ಅರ್ಧ ಸತ್ಯ ಸೊಸೆಯ ಮೇಲೆ ಅಪವಾದವಾಗಿ ಬೀಳುವುದುಂಟು. ಸುಮಾರು ಮೂರನೇ ಒಂದು ಭಾಗದ ಪ್ರಕರಣಗಳಲ್ಲಿ ಮನೆತನದಲ್ಲಿ ಕಾಯಿಲೆಯ ಚರಿತ್ರೆಯೇ ಇರುವುದಿಲ್ಲ ಎಂದು ಅತ್ತೆ-ಮಾವನಿಗೂ ತಿಳಿಹೇಳುವುದು ಚಿಕಿತ್ಸೆಯದ್ದೇ ಭಾಗ.

ಇದೇ ಎಚ್ಚರ ಒಳಸಂಬಂಧದ ಮದುವೆಯ ಮಾತಿಗೂ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಶೇ. 27ರಷ್ಟು ಮದುವೆಗಳು ರಕ್ತಸಂಬಂಧದೊಳಗಿನವು. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚು, ನಿಜ. ಆದರೆ ಎಲ್ಲ ವೈಕಲ್ಯಕ್ಕೂ ಅದನ್ನೇ ಹೊಣೆ ಮಾಡುವ ವೈದ್ಯರ ಒಂದು ಮಾತು, ಪೂರ್ವಜನ್ಮದ ಕರ್ಮ ಎನ್ನುವ ಊರಿನ ಮಾತಿನಷ್ಟೇ ನೋಯಿಸೀತು. ತಿಳಿವಳಿಕೆ ಬೇಕಾಗಿರುವುದು ಮುಂದಿನ ಬಸಿರಿಗಾಗಿ. ಹುಟ್ಟಿದ ಮಗುವಿನ ತಾಯ್ತಂದೆಯನ್ನು ಕಟಕಟೆಗೆ ನಿಲ್ಲಿಸುವುದಕ್ಕಲ್ಲ.

ಇನ್ನು ಚಿಕಿತ್ಸೆಯ ಖರ್ಚಿನ ಮಾತು. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು; ಮರುವರ್ಷ ನೆರವಿನ ಮಿತಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೇರಿತು. ರಾಜ್ಯದಲ್ಲಿ ಅದರ ಬಾಗಿಲು ಇರುವುದು ಬೆಂಗಳೂರಿನ ಉತ್ಕೃಷ್ಟತಾ ಕೇಂದ್ರದಲ್ಲಿ. ಗೌಷರ್‌ನಂತೆ ಬದುಕಿಡೀ ದುಬಾರಿ ಔಷಧ ಬೇಡುವ ಕಾಯಿಲೆಗೆ ಆ ಮೊತ್ತವೂ ಕೆಲವೇ ವರ್ಷದ ಮಾತು. ಹಡಗಲಿಯ ಮನೆಗೆ ಅದಕ್ಕೂ ಮೊದಲಿನ ತೊಡಕು ಬೇರೆ: ಮಗುವಿಗಿರುವುದು ಇಂಥದ್ದೇ ಕಾಯಿಲೆ ಎಂದು ಹೇಳುವವರು ಬೇಕು, ಅವರ ತನಕ ಹೋಗಿಬರುವ ಖರ್ಚು ಬೇಕು.

ಹರಪನಹಳ್ಳಿಯದ್ದು ಮತ್ತೊಂದು ಕಥೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಬಳಿಕ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರಕ್ಕೆ ಸೇರಿದ ತಾಲ್ಲೂಕು ಅದು. ದಾಖಲೆಯ ದಾರಿ ಜಿಲ್ಲಾ ಕೇಂದ್ರ ಹೊಸಪೇಟೆಗೆ, ಆಸ್ಪತ್ರೆಗೆ ಹತ್ತಿರದ ದೊಡ್ಡ ಊರು ದಾವಣಗೆರೆ. ಮಗುವಿನ ಆರೈಕೆಗೆ ಜಿಲ್ಲೆಯ ಗಡಿ ಅಡ್ಡವಾಗದಂತೆ ಎರಡೂ ಜಿಲ್ಲಾಡಳಿತಗಳು ಒಪ್ಪಂದಕ್ಕೆ ಬರಬಹುದು.

ಅಂಗವಿಕಲರಿಗೆಂದೇ ಗ್ರಾಮ ಪಂಚಾಯಿತಿಗಳು ತೆಗೆದಿಡಬೇಕಾದ ಶೇ. 5ರ ಹಣವಿದೆ. ಅದು ಸಲಕರಣೆ ಹಂಚಿಕೆಗೇ ಮುಗಿಯಬೇಕಿಲ್ಲ. ನಾಲ್ಕಾರು ಪಂಚಾಯಿತಿ ಕೂಡಿದರೆ ಸಂತೆಯ ದಿನ ಒಬ್ಬ ಫಿಸಿಯೋಥೆರಪಿಸ್ಟ್ ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಬರಬಹುದು, ತಾಯಂದಿರು ಅಲ್ಲೇ ವ್ಯಾಯಾಮ ಕಲಿಯಬಹುದು. ಗುಳೆ ಹೊರಟ ಮನೆಯ ಮಗುವಿನ ಆರೈಕೆಯ ಚೀಟಿಯನ್ನು ವಿ.ಆರ್.ಡಬ್ಲ್ಯು. ಹೋದ ಊರಿನ ಕಾರ್ಯಕರ್ತರಿಗೆ ದಾಟಿಸಬಹುದು. ಇವಕ್ಕೆ ಹೊಸ ಯೋಜನೆ ಬೇಡ. ಈಗಿರುವ ಕಾರ್ಯಕರ್ತರ ಕೆಲಸವನ್ನು ಭರ್ತಿಯಾದ ಅರ್ಜಿಗಳ ಬದಲು ಭೇಟಿಯಾದ ಮನೆಗಳ ಮೇಲೆ ಅಳೆದರೆ ಅರ್ಧ ದಾರಿ ಸವೆದಂತೆ.