ಬಾಡಿಗೆ ಕರಾರಿನ ಸುತ್ತ ಮೂರು ಗಂಟೆ

ಬುಲ್ಡೋಜರ್ ತರದೆ ಒಂದು ಬಡಾವಣೆಯನ್ನು ಖಾಲಿ ಮಾಡಿಸಬೇಕೆಂದರೆ ಬಾಡಿಗೆ ಕರಾರು ಮುಗಿದ ದಿನ ಅದನ್ನು ಮುಂದುವರಿಸದಿದ್ದರೆ ಸಾಕು. ಫ್ರೆಡರಿಕ್ ವೈಸ್‌ಮನ್ ಅವರ ‘ಇನ್ ಜಾಕ್ಸನ್ ಹೈಟ್ಸ್’ (2015) ಈ ಸದ್ದಿಲ್ಲದ ಕೆಲಸವನ್ನು ಸಹನೆಯಿಂದ ದಾಖಲಿಸಿದ ಸಾಕ್ಷ್ಯಚಿತ್ರ. 190 ನಿಮಿಷಗಳ ಈ ಚಿತ್ರದಲ್ಲಿ ನಿರೂಪಕರ ದನಿಯಿಲ್ಲ, ಸಂದರ್ಶನಗಳಿಲ್ಲ, ತೆರೆಯ ಮೇಲಿರುವವರ ಹೆಸರೂ ಮೂಡುವುದಿಲ್ಲ. ಜನ ಮಾತಾಡುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ.

ಜಾಕ್ಸನ್ ಹೈಟ್ಸ್ ಇರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಒಂದು ಖಾಸಗಿ ಕಂಪನಿ ಇದನ್ನು 1910ರ ದಶಕದಿಂದ ಕಟ್ಟಿಸಿದ್ದು ಅನುಕೂಲಸ್ಥ ಬಿಳಿಯರಿಗಾಗಿ. ಯಹೂದಿಗಳಿಗೂ ಕಪ್ಪು ಜನರಿಗೂ ಅಲ್ಲಿ ಮನೆ ಸಿಗುತ್ತಿರಲಿಲ್ಲ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೊ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳಗಳ ಜನ ಬಂದು ನೆಲೆಸಿದರು. ಇಲ್ಲಿ 167 ಭಾಷೆಗಳಿವೆ ಎಂಬ ಮಾತು ಚಿತ್ರದಲ್ಲೇ ಬರುತ್ತದೆ. ರೂಸ್‌ವೆಲ್ಟ್ ಅವೆನ್ಯೂ ಮೇಲಿನ ಎತ್ತರದ ಹಳಿಗಳಲ್ಲಿ 7ನೇ ನಂಬರಿನ ರೈಲು ಓಡುತ್ತದೆ. ಮ್ಯಾನ್‌ಹಟನ್ನಿಗೆ ಸುಮಾರು ಅರ್ಧ ಗಂಟೆಯ ದಾರಿ. ದುಡಿಯುವವರನ್ನು ಇಲ್ಲಿಗೆ ಎಳೆದು ತಂದ ರೈಲೇ ಈಗ ಹಣವಂತರನ್ನೂ ಕರೆತರುತ್ತಿದೆ. ಅವರ ಹಿಂದೆಯೇ ಬಾಡಿಗೆಯೂ ಏರುತ್ತಿದೆ.

ಚಿತ್ರೀಕರಣ ನಡೆದ 2014ರ ಬೇಸಿಗೆಯಲ್ಲಿ ಬೀದಿಯ ಮುಂದಿದ್ದ ಪ್ರಶ್ನೆ ‘ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್’, ಜನರ ಬಾಯಲ್ಲಿ ‘ಬಿಡ್’. 82ನೇ ಬೀದಿಯಲ್ಲಿ ಮೊದಲೇ ಇದ್ದ ಬಿಡ್ ಅನ್ನು ರೂಸ್‌ವೆಲ್ಟ್ ಅವೆನ್ಯೂ ಉದ್ದಕ್ಕೂ ಚಾಚುವ ಯೋಜನೆ ಅದು. ಕೇಳಲು ಒಳ್ಳೆಯದೇ: ಕಟ್ಟಡದ ಮಾಲೀಕರಿಂದ ಹೆಚ್ಚುವರಿ ಶುಲ್ಕ ಎತ್ತಿ ಬೀದಿ ಗುಡಿಸುವುದು, ದೀಪ ಹಾಕುವುದು, ಕಾವಲು ಇಡುವುದು. ಆದರೆ ಆಡಳಿತ ಮಂಡಳಿಯಲ್ಲಿ ಬಹುಮತ ಮಾಲೀಕರದ್ದು. ಅವರು ಕಟ್ಟುವ ಶುಲ್ಕವನ್ನು ಕರಾರಿನ ಮೂಲಕ ಬಾಡಿಗೆದಾರರ ತಲೆಗೆ ಕಟ್ಟಬಹುದು. ಇನ್ನೊಂದು ತೊಡಕು ನಿಯಮದಲ್ಲೇ ಇದೆ. ಬಿಡ್ ಅನ್ನು ತಡೆಯಬೇಕಾದರೆ ಅರ್ಧಕ್ಕಿಂತ ಹೆಚ್ಚು ಮಾಲೀಕರು ಆಕ್ಷೇಪಣೆ ಬರೆದು ಸಲ್ಲಿಸಬೇಕು. ಸುಮ್ಮನಿದ್ದವರ ಮೌನ ಯೋಜನೆಯ ಪರವಾಗಿಯೇ ಕೆಲಸ ಮಾಡುತ್ತದೆ. ಇಂಗ್ಲಿಷ್ ಕಾಗದ ಓದಲು ಬಾರದ, ದಿನಕ್ಕೆ ಹನ್ನೆರಡು ಗಂಟೆ ಗಲ್ಲಾದ ಹಿಂದೆ ನಿಲ್ಲುವ ಜನರ ಬೀದಿಯಲ್ಲಿ ಇಂಥ ನಿಯಮದ ಫಲ ಏನೆಂದು ಊಹಿಸುವುದು ಕಷ್ಟವಲ್ಲ.

ನ್ಯೂಯಾರ್ಕಿನಲ್ಲಿ ಲಕ್ಷಾಂತರ ಮನೆಗಳ ಬಾಡಿಗೆಗೆ ಕಾನೂನಿನ ಮಿತಿಯಿದೆ. ಅಂಗಡಿಗಳಿಗೆ ಇಲ್ಲ. 1945ರಿಂದ 1963ರವರೆಗೆ ಇದ್ದ ನಿಯಂತ್ರಣ ಹೋಯಿತು; ಸಣ್ಣ ವ್ಯಾಪಾರಿಗಳಿಗೆ ಕರಾರು ನವೀಕರಣದ ಹಕ್ಕು ಕೊಡುವ ಮಸೂದೆ 1986ರಲ್ಲಿ ನಗರಸಭೆಯ ಮುಂದೆ ಬಂದದ್ದು ಮತ್ತೆ ಮತ್ತೆ ಮಂಡನೆಯಾಗಿ ಮೂಲೆ ಸೇರಿದೆ. ಹೀಗಾಗಿ ಕ್ಷೌರದಂಗಡಿಯವನಿಗೂ ಬೇಕರಿಯವಳಿಗೂ ನ್ಯಾಯಾಲಯದ ಬಾಗಿಲು ಬಡಿಯಲು ಕಾರಣವೇ ಉಳಿದಿಲ್ಲ. ಅವರನ್ನು ಯಾರೂ ಕಾನೂನು ಮೀರಿ ಹೊರಹಾಕುತ್ತಿಲ್ಲ.

ಹಾಗಾದರೆ ಪ್ರತಿರೋಧ ಎಲ್ಲಿಂದ ಶುರುವಾಗಬೇಕು? ವಿವರಿಸುವುದರಿಂದ ಎನ್ನುತ್ತದೆ ಈ ಚಿತ್ರ. ಅದರ ದೊಡ್ಡ ಸಾಧನೆಯೂ ಅದೇ. ಯುವ ಕಾರ್ಯಕರ್ತರು ಅಂಗಡಿಯಿಂದ ಅಂಗಡಿಗೆ ಹೋಗಿ ಬಿಡ್ ಎಂದರೇನು, ಶುಲ್ಕ ಯಾರ ಮೇಲೆ ಬೀಳುತ್ತದೆ ಎಂದು ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಹೇಳುತ್ತಾರೆ. ಮುಂದಿನ ಕಡೆ ಅದೇ ಮಾತು ಮತ್ತೊಮ್ಮೆ. ಬೇರೆ ನಿರ್ದೇಶಕರಾಗಿದ್ದರೆ ಒಂದು ಸಲ ತೋರಿಸಿ, ಮೆರವಣಿಗೆಗೆ ಜಿಗಿಯುತ್ತಿದ್ದರು. ವೈಸ್‌ಮನ್ ಪುನರಾವರ್ತನೆಯನ್ನು ಉಳಿಸಿಕೊಳ್ಳುತ್ತಾರೆ, ಏಕೆಂದರೆ ಸಂಘಟನೆಯ ಕೆಲಸದ ಬಹುಪಾಲು ಅದೇ. ನಮಗೆ ಬೇಸರವಾಗುವ ಹೊತ್ತಿಗೆ, ಇದನ್ನು ನೂರಾರು ಬಾಗಿಲುಗಳಲ್ಲಿ ಹೇಳಬೇಕಾದವರ ಶ್ರಮ ಅರ್ಥವಾಗತೊಡಗುತ್ತದೆ. ‘ಮೇಕ್ ದ ರೋಡ್ ನ್ಯೂಯಾರ್ಕ್’ ಸಂಘಟನೆಯ ಸಭೆಯಲ್ಲಿ ಒಬ್ಬ ಮಹಿಳೆ ತನ್ನ ಮನೆಯವರು ಗಡಿ ದಾಟುವಾಗ ಮರುಭೂಮಿಯಲ್ಲಿ ದಾರಿ ತಪ್ಪಿದ್ದನ್ನು ಹೇಳುತ್ತಾಳೆ. ಕ್ಯಾಮೆರಾ ಅವಳ ಮಾತು ಮುಗಿಯುವವರೆಗೂ ಕಾಯುತ್ತದೆ. ಹಾಗೆ ಬಂದವರು ಹತ್ತಡಿ ಅಗಲದ ಅಂಗಡಿ ಕಳೆದುಕೊಳ್ಳುವುದೆಂದರೆ ಏನೆಂದು ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಬಡಾವಣೆಗೆ ಹೋರಾಟ ಹೊಸದಲ್ಲ ಎಂಬುದನ್ನೂ ಚಿತ್ರ ಮರೆಯುವುದಿಲ್ಲ. 1990ರಲ್ಲಿ ಹುಲಿಯೊ ರಿವೇರಾ ಎಂಬ ಸಲಿಂಗಕಾಮಿ ಯುವಕನನ್ನು ಇಲ್ಲಿ ದ್ವೇಷದಿಂದ ಕೊಂದರು; ಕ್ವೀನ್ಸ್ ಪ್ರೈಡ್ ಮೆರವಣಿಗೆ ಹುಟ್ಟಿದ್ದು ಆ ಸಿಟ್ಟಿನಿಂದ. ಒಮ್ಮೆ ಯಹೂದಿಗಳನ್ನು ಹೊರಗಿಟ್ಟ ಬಡಾವಣೆಯಲ್ಲಿ ಇಂದು ಯಹೂದಿ ಕೇಂದ್ರವೇ ಹಲವು ಗುಂಪುಗಳ ಸಭೆಗೆ ಜಾಗ ಕೊಡುತ್ತದೆ. ಇವನ್ನೆಲ್ಲ ಅಕ್ಕಪಕ್ಕ ಇಟ್ಟು, ಒಂದು ಗುಂಪು ಕಲಿತ ಒಗ್ಗಟ್ಟು ಇನ್ನೊಂದಕ್ಕೆ ದಾಟುವುದನ್ನು ಸಂಕಲನದಲ್ಲೇ ಹೇಳುವುದು ವೈಸ್‌ಮನ್ ಅವರ ಕೈಚಳಕ.

ಆದರೆ ನನ್ನ ಎರಡು ಆಕ್ಷೇಪಗಳು ಗಟ್ಟಿಯಾಗಿವೆ. ಮೊದಲನೆಯದು, ದಕ್ಷಿಣ ಏಷ್ಯಾದವರ ಚಿತ್ರಣ. 74ನೇ ಬೀದಿಯ ಸೀರೆ ಅಂಗಡಿಗಳು, ದಾರದಲ್ಲಿ ಹುಬ್ಬು ತೀಡುವ ಪಾರ್ಲರ್, ಮಸೀದಿಯ ನಮಾಜು, ಹಲಾಲ್ ಕೋಳಿ ಅಂಗಡಿ, ಟ್ಯಾಕ್ಸಿ ಚಾಲಕರ ತರಗತಿ ಎಲ್ಲವೂ ಕಣ್ಣಿಗೆ ಹಬ್ಬ. ಆ ತರಗತಿಯ ಮೇಷ್ಟ್ರ ಹುರುಪು ಈಗಲೂ ನೆನಪಾಗುತ್ತದೆ. ಆದರೆ ಬಾಡಿಗೆಯ ಆತಂಕ ತುಂಬಿದ ಮಾತುಕತೆಗಳಲ್ಲಿ ಕೇಳುವುದು ಹೆಚ್ಚಾಗಿ ಲ್ಯಾಟಿನ್ ಅಮೆರಿಕದವರ ದನಿ. ಗುಜರಾತಿ, ಪಂಜಾಬಿ, ಬಂಗಾಳಿ ವ್ಯಾಪಾರಿಗಳಿಗೂ ಅದೇ ಮಾಲೀಕರು, ಅದೇ ಕರಾರು. ಅವರು ಆ ಸಭೆಗಳಿಗೆ ಬರಲಿಲ್ಲವೇ, ಕರೆಯಲಿಲ್ಲವೇ, ಅಥವಾ ಕೆಲವರು ತಾವೇ ಕಟ್ಟಡದ ಮಾಲೀಕರಾಗಿದ್ದರೇ? ಹೋರಾಟದ ಸೋಲು ಗೆಲುವು ಇಂಥ ಬಿರುಕುಗಳಲ್ಲೇ ನಿರ್ಧಾರವಾಗುತ್ತದೆ. ಚಿತ್ರ ಅದನ್ನು ತಟ್ಟದೆ, ನಮ್ಮವರನ್ನು ಬಣ್ಣ, ಪ್ರಾರ್ಥನೆಗಳ ನಡುವೆ ಬಿಟ್ಟುಹೋಗುವುದು ನನಗೆ ನೋವಿನ ಸಂಗತಿ.

ಎರಡನೆಯದು ಇನ್ನೂ ಮುಖ್ಯ. ಬಾಡಿಗೆ ಏರಿಸುವವರ ಕೋಣೆಯೊಳಗೆ ಕ್ಯಾಮೆರಾ ಹೋಗುವುದೇ ಇಲ್ಲ. ಒಂದು ವಾಣಿಜ್ಯ ಸಂಕೀರ್ಣದಿಂದ ವರ್ಷಗಟ್ಟಲೆ ವ್ಯಾಪಾರ ಮಾಡಿದವರು ಜಾಗ ಬಿಡಬೇಕಾಗಿ ಬಂದು ಕಂಗಾಲಾಗಿದ್ದಾರೆ. ಬಿಡಿಸಿದವರ ಲೆಕ್ಕಾಚಾರ ಮಾತ್ರ ಅವರ ಮಾತಿನಲ್ಲಿ ವರದಿಯಾಗಿಯೇ ಉಳಿಯುತ್ತದೆ. ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆಗಳ ಒಳಗು ತೋರಿಸುವುದರಲ್ಲೇ ಹೆಸರು ಮಾಡಿದ ನಿರ್ದೇಶಕರಿಂದ ನಾನು ಇದನ್ನು ನಿರೀಕ್ಷಿಸಿದ್ದೆ. ಅಧಿಕಾರದ ಮುಖ ಕಾಣದಿದ್ದಾಗ ಬಾಡಿಗೆ ಏರಿಕೆ ಮಳೆ ಬಿಸಿಲಿನಂತೆ ತಾನಾಗಿ ಆಗುವ ಸಂಗತಿ ಎನಿಸಿಬಿಡುತ್ತದೆ. ಕೊನೆಯಲ್ಲಿ ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಪಟಾಕಿಯ ಬೆಳಕು ಬಂದು ಈ ಕೊರತೆಯನ್ನು ಮತ್ತಷ್ಟು ಮುಚ್ಚುತ್ತದೆ. ಅಷ್ಟು ಹೊತ್ತು ಕೇಳಿದ ಆತಂಕಕ್ಕೆ ಆ ಅಂತ್ಯ ತೀರಾ ಮೃದುವಾಯಿತು.

ಹಾಗಿದ್ದೂ, ಬಾಗಿಲು ಬಾಗಿಲಿಗೆ ಹೋಗುವ ಆ ಕೆಲಸ ವ್ಯರ್ಥವೆನ್ನಲಾಗದು. 2018ರ ನವೆಂಬರಿನಲ್ಲಿ ಅಮೆಜಾನ್ ಕಂಪನಿ ಇದೇ 7ನೇ ನಂಬರಿನ ರೈಲಿನ ದಾರಿಯಲ್ಲಿರುವ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಬೃಹತ್ ಕಚೇರಿ ಕಟ್ಟುವುದಾಗಿ ಪ್ರಕಟಿಸಿದಾಗ, ಕ್ವೀನ್ಸ್‌ನ ಬಾಡಿಗೆದಾರರ ಗತಿಯೇನು ಎಂದು ಕೇಳಿದವರಲ್ಲಿ ಮೇಕ್ ದ ರೋಡ್ ಕೂಡ ಇತ್ತು. ಮೂರು ತಿಂಗಳ ವಿರೋಧದ ನಂತರ, 2019ರ ಫೆಬ್ರವರಿ 14ರಂದು ಕಂಪನಿ ಹಿಂದೆ ಸರಿಯಿತು. ಅಷ್ಟು ದೊಡ್ಡ ಸಂಸ್ಥೆ ಎದುರಿಗಿದ್ದಾಗ ಜನರಿಗೆ ಗುರಿ ಕಾಣುತ್ತಿತ್ತು, ಪತ್ರಿಕೆಗಳ ಗಮನವೂ ಇತ್ತು. ರೂಸ್‌ವೆಲ್ಟ್ ಅವೆನ್ಯೂದ ಬೇಕರಿಗೆ ಬರುವ ಬಾಡಿಗೆ ನೋಟಿಸಿಗೆ ಅಂಥ ಪ್ರಚಾರ ಸಿಗುವುದಿಲ್ಲ. ಈ ವಿಷಯದ ಮೇಲೆ ಮುಂದೆ ಚಿತ್ರ ಮಾಡುವವರು ಆ ನೋಟಿಸ್ ಸಿದ್ಧವಾಗುವ ಮೇಜಿನ ಬಳಿಗೇ ಕ್ಯಾಮೆರಾ ಒಯ್ಯಬೇಕು, ಒಳಗೆ ಬಿಡದಿದ್ದರೆ ಆ ಮುಚ್ಚಿದ ಬಾಗಿಲನ್ನಾದರೂ ಹೆಸರು ಸಮೇತ ತೋರಿಸಬೇಕು.