ಅಂತೆ ಕಂತೆಗಳ ಸಂಜೆ

ಕಳೆದ ಭಾನುವಾರ ಸಂಜೆ ನಮ್ಮೂರ ಪುರಭವನದಲ್ಲಿ ವಿಜ್ಞಾನದ ಅಂಚಿನ ಪ್ರಶ್ನೆಗಳನ್ನು ಕುರಿತು ನಾಲ್ಕು ಕಿರುಭಾಷಣಗಳು ನಡೆದವು. ಹಾರುವ ತಟ್ಟೆ, ಪರರ ಮನಸ್ಸನ್ನು ಓದುವ ವಿದ್ಯೆ, ಕವಲುಕಡ್ಡಿ ಹಿಡಿದು ನೀರು ನೋಡುವುದು; ಕೊನೆಗೆ ಈ ಮೂರಕ್ಕೂ ವಿಚಾರವಾದಿಗಳೊಬ್ಬರ ಉತ್ತರ. ಕನ್ನಡ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಭಾಷಣವೂ ಒಂದು ಗದ್ಯಪ್ರಕಾರವೇ. ಅದರ ಗುಣದೋಷ ಹೇಳುವ ಹಕ್ಕು ನಮಗೂ ಉಂಟು.

ನಮ್ಮ ನುಡಿಯಲ್ಲಿ ‘ಅಂತೆ’ ಎಂಬ ಪುಟ್ಟ ಮಾತಿದೆ. ‘ಮಳೆ ಬಂತು’ ಎಂದವನು ಕಂಡವನು. ‘ಮಳೆ ಬಂತಂತೆ’ ಎಂದವನು ಕೇಳಿದವನು. ಅಕ್ಷರ ಕಲಿಯದ ಅಜ್ಜಿಯೂ ಈ ಅಂತರವನ್ನು ತಪ್ಪದೆ ಕಾಯುತ್ತಾಳೆ. ಅಂದಿನ ಮೊದಲ ಮೂವರು ಮಾತ್ರ ‘ಅಂತೆ’ಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಕೇಳಿದ್ದೆಲ್ಲ ‘ಸಿದ್ಧವಾಗಿದೆ’, ಓದಿದ್ದೆಲ್ಲ ‘ವಿಜ್ಞಾನಿಗಳು ಒಪ್ಪಿದ್ದಾರೆ’. ಯಾವ ವಿಜ್ಞಾನಿ, ಎಲ್ಲಿ, ಎಂದು? ಆ ಸುದ್ದಿಯೇ ಇಲ್ಲ.

ನಾಲ್ಕನೆಯವರು ಆಧಾರವಿಟ್ಟು ಮಾತಾಡಿದರು. ಪ್ರೇತಗಳು ಮೇಜು ತಿರುಗಿಸುತ್ತವೆಂಬ ಹುಚ್ಚು ಇಂಗ್ಲೆಂಡಿನಲ್ಲಿ ಹಬ್ಬಿದಾಗ, ೧೮೫೩ರಲ್ಲಿ ಮೈಕೆಲ್ ಫ್ಯಾರಡೆ ಮೇಜಿನ ಮೇಲೆ ಮೆದು ಅಂಟಿನಿಂದ ರಟ್ಟುಗಳನ್ನು ಒಂದರ ಮೇಲೊಂದು ಕೂಡಿಸಿ, ಅದರ ಮೇಲೆ ಕೈಯಿಡಿಸಿದರು. ಮೇಲಿನ ರಟ್ಟೇ ಮೊದಲು ಜರುಗಿತ್ತು. ತಳ್ಳಿದ್ದು ಕೈ, ತಳ್ಳಿದವರಿಗೇ ಅರಿವಿರಲಿಲ್ಲ. ಕಡ್ಡಿ ಬಾಗುವ ಗುಟ್ಟೂ ಇದೇ. ಜರ್ಮನಿಯ ಮ್ಯೂನಿಕ್ ಬಳಿ ೧೯೮೭–೮೮ರಲ್ಲಿ, ಸುಮಾರು ೫೦೦ ಮಂದಿಯಲ್ಲಿ ಆಯ್ದ ೪೩ ಜನರನ್ನು ಕೊಟ್ಟಿಗೆಯ ಅಟ್ಟದ ಮೇಲೆ ನಡೆಸಿ, ಕೆಳಗಿನ ನೀರಿನ ಕೊಳವೆ ಎಲ್ಲಿದೆಯೆಂದು ೮೪೩ ಸಲ ಕೇಳಿದರು. ಕೆಲವರಿಗೆ ಶಕ್ತಿಯುಂಟೆಂದು ಪರೀಕ್ಷಕರು ಸಾರಿದರೂ, ೧೯೯೯ರಲ್ಲಿ ಅದೇ ಅಂಕಿಗಳನ್ನು ತೂಗಿನೋಡಿದ ಜಿಮ್ ಎನ್‌ರೈಟ್ ಅವು ಬರಿಯ ಊಹೆಗಿಂತ ಮೇಲಲ್ಲವೆಂದು ತೋರಿಸಿದರು. ಗದ್ಯವೆಂದರೆ ಇದು ಎಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದರು. “ಎರಡು ಬೋರು ಕೊರೆಸಿದೆ, ಎರಡೂ ಬತ್ತಿದವು. ಕಡ್ಡಿ ಸುಳ್ಳೇ ಆಗಲಿ ಸ್ವಾಮಿ, ನೀರು ಎಲ್ಲಿ ನೋಡಲಿ?” “ಮೊದಲು ಮೌಢ್ಯ ಬಿಡಿ” ಎಂದರು ಭಾಷಣಕಾರರು. ಸಭೆ ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ.

ಕೊಡಬೇಕಾದ ಉತ್ತರ ಇತ್ತು. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಬಂಡೆಯ ಬಿರುಕುಗಳಲ್ಲಿ ಅಡಗಿರುತ್ತದೆ. ಭೂವಿಜ್ಞಾನಿ ನೆಲದೊಳಕ್ಕೆ ವಿದ್ಯುತ್ತು ಹಾಯಿಸಿ ಅದರ ತಡೆಯನ್ನು ಅಳೆದು ಜಾಗ ಸೂಚಿಸಬಲ್ಲ. ಆದರೂ ಅವನು ‘ಸಿಕ್ಕುತ್ತದೆ’ ಎನ್ನಲಾರ, ‘ಸಿಕ್ಕೀತು’ ಎಂದಾನು. ವ್ಯಾಕರಣದಲ್ಲಿ ಇದಕ್ಕೆ ಸಂಭಾವನಾರ್ಥವೆಂದು ಹೆಸರು. ವಿಜ್ಞಾನದ ವಿನಯವೆಲ್ಲ ಈ ಒಂದು ಕ್ರಿಯಾರೂಪದಲ್ಲಿದೆ.

ಮೂವರು ‘ಅಂತೆ’ಯನ್ನು ಮರೆತರು, ನಾಲ್ಕನೆಯವರು ‘ಸಿಕ್ಕೀತು’ ಎನ್ನುವುದನ್ನು ಮರೆತರು. ಸಾಲ ಹೊತ್ತು ಬಂದವರು ಬಂದ ಹಾಗೆಯೇ ಹೊರಟರು. ನಾಳೆ ಅವರು ಮತ್ತೆ ಕಡ್ಡಿ ಹಿಡಿದವನ ಬಾಗಿಲಿಗೆ ಹೋದರೆ, ಅದರಲ್ಲಿ ನಮ್ಮ ನಗೆಯ ಪಾಲೂ ಇದೆ.