ತಂಬೂರಿಯ ನಾದ ಮತ್ತು ಮುದ್ರಣದ ಸೂಕ್ಷ್ಮತೆ

ಪಾಶ್ಚಾತ್ಯ ವಾದ್ಯವೃಂದದ ಸಂಗೀತವನ್ನು ಅತಿ ಸೂಕ್ಷ್ಮವಾಗಿ ಮುದ್ರಿಸಿಕೊಳ್ಳಬೇಕೆಂಬ ಹಂಬಲಕ್ಕೆ ಸಹಜವಾದ ಕಾರಣವುಂಟು. ನೂರು ಮಂದಿ ವಾದಕರು ಏಕಕಾಲದಲ್ಲಿ ನುಡಿಸುವಾಗ ಪಿಟೀಲುಗಳ ಪಂಕ್ತಿಯ ಹಿಂದೆ ಅಡಗಿದ ಕೊಳಲಿನ ಎಳೆಯೊಂದು ಕಿವಿಗೆ ಬೇರೆಯಾಗಿ ಮುಟ್ಟದಿದ್ದರೆ, ಅವರೆಲ್ಲರನ್ನೂ ಕೈಸನ್ನೆಯಿಂದ ನಡೆಸುವ ನಿರ್ದೇಶಕನ ಪ್ರತಿಭೆಯಲ್ಲಿ ಅರ್ಧಭಾಗ ವ್ಯರ್ಥವಾದಂತೆಯೇ ಸರಿ. ಹರ್ಬರ್ಟ್ ಫಾನ್ ಕರಾಯಾನನು ಬರ್ಲಿನ್ನಿನ ವೃಂದದೊಡನೆ ಬೀಥೋವನ್ನನ ಒಂಬತ್ತು ಸಿಂಫೊನಿಗಳನ್ನು 1960, 1970 ಮತ್ತು 1980ರ ದಶಕಗಳಲ್ಲಿ ಒಂದೊಂದು ಸಲ ಆಮೂಲಾಗ್ರವಾಗಿ ಮುದ್ರಿಸಿದನು. ಯಂತ್ರ ಹೊಸದಾದಂತೆ ಹಳೆಯದು ಸಾಲದೆನ್ನುವ ಮನೋಧರ್ಮಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ದೊರೆಯಲಾರದು. ಆದರೆ ಒಬ್ಬನೇ ಗಾಯಕ, ಎರಡು ತಂಬೂರಿ, ಒಂದು ತಬಲಾ ಜೋಡಿ, ಒಂದು ಪೇಟಿ ಇಷ್ಟರಲ್ಲಿಯೇ ತನ್ನ ಸಂಸಾರವನ್ನು ಮುಗಿಸಿಕೊಳ್ಳುವ ಖ್ಯಾಲ್ ಗಾಯನಕ್ಕೆ ಈ ಸೂಕ್ಷ್ಮತೆಯಿಂದ ಆಗಬೇಕಾದುದೇನು? ಕಿರಾಣಾ ಘರಾಣೆಯ ಮಟ್ಟಿಗೆ ನನ್ನ ಉತ್ತರವಿಷ್ಟು: ಗಾಯಕನ ಕಂಠಕ್ಕೆ ಅದರಿಂದ ಸ್ವಲ್ಪವೇ ಲಾಭ, ತಂಬೂರಿಗೆ ಸರ್ವಸ್ವವೂ ಲಾಭ, ಮತ್ತು ಈ ಪರಂಪರೆಯಲ್ಲಿ ತಂಬೂರಿಗಾದ ಲಾಭವೇ ನಿಜವಾದ ಲಾಭ.

ಈ ಮಾತನ್ನು ವಿಜಯಪುರದ ಕಡೆಯಿಂದ ಆಡುವುದಕ್ಕೆ ಒಂದು ಔಚಿತ್ಯವಿದೆ. ನಗರದಿಂದ ಪಶ್ಚಿಮಕ್ಕೆ ಹೊರಟ ದಾರಿ ತೊರವಿಯ ಬಳಿ, ಎರಡನೆಯ ಇಬ್ರಾಹಿಂ ಆದಿಲಶಾಹಿ 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರದ ಪಾಳುಗೋಡೆಗಳನ್ನೂ ಸಂಗೀತ ಮಹಲನ್ನೂ ತೋರಿಸಿ, ತಿಕೋಟಾವನ್ನು ದಾಟಿ, ಅಥಣಿಯ ಮೇಲೆ ಹಾಯ್ದು, ಕೊನೆಗೆ ಮಿರಜಿಗೆ ಮುಟ್ಟುತ್ತದೆ. ದಖನಿಯಲ್ಲಿ ‘ಕಿತಾಬೆ ನವರಸ’ವನ್ನು ರಚಿಸಿದ ಆ ಸುಲ್ತಾನನಿಗೆ ತನ್ನ ತಂಬೂರಿಯ ಮೇಲೆ ಎಷ್ಟು ಮಮತೆಯಿತ್ತೆಂದರೆ ಅದಕ್ಕೆ ಮೋತಿಖಾನನೆಂದು ಹೆಸರಿಟ್ಟಿದ್ದನು. ಆ ವಾದ್ಯ ಇಂದಿನ ತಂಬೂರಿಯ ಆಕಾರದ್ದೇ ಆಗಿತ್ತೆಂದು ನಾನು ಸಾಧಿಸಹೊರಟಿಲ್ಲ; ದಾರಿಯ ಈ ತುದಿಯಲ್ಲಿ ತಂತಿವಾದ್ಯಕ್ಕೆ ಮನುಷ್ಯರ ಹೆಸರಿಟ್ಟ ಅರಸನೂ ಆ ತುದಿಯಲ್ಲಿ ತಂಬೂರಿ ಕಟ್ಟುವುದನ್ನೇ ಕುಲವೃತ್ತಿಯಾಗಿಸಿಕೊಂಡ ಮನೆತನಗಳೂ ಇದ್ದುವೆಂಬುದಷ್ಟೇ ನನಗೆ ಸಾಕು. ಮಿರಜಿನಲ್ಲಿಯೇ ನೆಲೆನಿಂತ ಅಬ್ದುಲ್ ಕರೀಂಖಾನರು (1872–1937) ಕಿರಾಣಾ ಗಾಯಕಿಯನ್ನು ಈ ಸೀಮೆಯ ಸೊತ್ತಾಗಿ ಮಾಡಿದರು. ತಿಕೋಟಾ, ಬಬಲೇಶ್ವರಗಳ ಸುತ್ತಿನ ಹಳ್ಳಿಗಳಲ್ಲಿ ಏಕತಾರಿಯ ಒಂದೇ ಷಡ್ಜವನ್ನು ಹಿಡಿದು ರಾತ್ರಿಯಿಡೀ ತತ್ತ್ವಪದ ಹಾಡುವವರ ನಡುವೆ ಬೆಳೆದ ಕಿವಿಗೆ, ಆಧಾರಶ್ರುತಿಯಲ್ಲಿ ಕರಗುವುದೇ ಗಾನವೆಂದು ಸಾರುವ ಈ ಗಾಯಕಿ ಹೊರಗಿನದಾಗಿ ತೋರಲು ಕಾರಣವೇ ಇರಲಿಲ್ಲ.

ಖಾನಸಾಹೇಬರಿಗೆ ಶ್ರುತಿಯೆಂಬುದು ಬರಿಯ ಭಾವನೆಯ ವಿಷಯವಾಗಿರಲಿಲ್ಲ. ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಅಳತೆಗೆ ತೊಡಗಿದಾಗ ತಮ್ಮ ಕಂಠವನ್ನೇ ಪ್ರಮಾಣವಾಗಿ ಒಡ್ಡಿದವರು ಅವರು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ನೂಲೆಳೆಯನ್ನು ಸರಿಸುತ್ತ ಜವಾರಿ ಕೂಡಿಸಿದಾಗ ತಂತಿಯಿಂದ ಮೂಲಸ್ವರದೊಡನೆ ಅದರ ಅನುಸ್ವರಗಳೆಲ್ಲ ಹೊಮ್ಮುತ್ತವೆ. ಷಡ್ಜದ ಗರ್ಭದಿಂದ ಗಾಂಧಾರವು ತಾನಾಗಿ ಕೇಳಿಬರುತ್ತದೆ. ಗಾಯಕನು ಆ ಗಾಂಧಾರದ ಮೇಲೆ ತನ್ನ ಗಾಂಧಾರವನ್ನು ಇರಿಸುತ್ತಾನೆ. ಅದು ಕೂಡಿತೇ, ಕೂದಲೆಳೆಯಷ್ಟು ಜಾರಿತೇ ಎಂಬ ನಿರ್ಣಯದಲ್ಲಿಯೇ ಕಿರಾಣಾ ರಸಿಕನ ಆನಂದವೆಲ್ಲ ಅಡಗಿದೆ.

ಹಾಗಿದ್ದ ಮೇಲೆ ಹಳೆಯ ತಟ್ಟೆಗಳು ಮಾಡಿದ ಅನ್ಯಾಯ ಎಂಥದೆಂದು ವಿಚಾರಿಸಬೇಕು. ಖಾನಸಾಹೇಬರು 1905ರಲ್ಲಿ ಹಾಡಿದ್ದು ವಿದ್ಯುತ್ತಿಲ್ಲದ ತುತ್ತೂರಿಯ ಬಾಯಿಗೆ; ಅದು ಸೆಕೆಂಡಿಗೆ ಎರಡು ಸಾವಿರದ ಆಸುಪಾಸಿನ ಕಂಪನಗಳಾಚೆಗೆ ಏನನ್ನೂ ಸರಿಯಾಗಿ ಹಿಡಿಯಲಾರದು. 1925ರ ಈಚೆಗೆ ಬಂದ ವಿದ್ಯುತ್ ಮುದ್ರಣ ಈ ಮೇರೆಯನ್ನು ಎರಡು ಮೂರು ಪಟ್ಟು ಹಿಗ್ಗಿಸಿತು. 1930ರ ದಶಕದ ಮಧ್ಯದಲ್ಲಿ ಓಡಿಯನ್ ಸಂಸ್ಥೆಗೆ ಹಾಡಿದ ಅವರ ಝಿಂಝೋಟಿಯ ಠುಮರಿಯಲ್ಲಿ, ಮೂರು ಮಿನಿಟಿನ ಇಕ್ಕಟ್ಟಿನೊಳಗೂ, ಕಂಠದ ಕಾರುಣ್ಯ ಅಕ್ಷತವಾಗಿ ಉಳಿದಿದೆ. ಆದರೆ ಯಾವುದರ ಮಡಿಲಲ್ಲಿ ಆ ಕಂಠ ಮಲಗಿತ್ತೋ ಆ ತಂಬೂರಿಯ ಝೇಂಕಾರ ಬಹುಪಾಲು ತಟ್ಟೆಯ ಸರಸರ ಸದ್ದಿನಲ್ಲಿ ಹೂತುಹೋಗಿದೆ. ಈಚೆಗೆ ಇಂಥ ತಟ್ಟೆಗಳನ್ನು ಸೆಕೆಂಡಿಗೆ ತೊಂಬತ್ತಾರು ಸಾವಿರ ಮಾದರಿಗಳ ವೇಗದಲ್ಲಿ ಗಣಕಕ್ಕಿಳಿಸಿ ‘ಹೈ ರೆಸೊಲ್ಯೂಷನ್’ ಎಂದು ಮಾರುವುದುಂಟು. ಸೂಜಿ ಹಿಡಿಯದಿದ್ದ ಧ್ವನಿಯನ್ನು ಗಣಕ ಎಲ್ಲಿಂದ ತಂದೀತು? ಅದಕ್ಕಿಂತ ಕೆಡುಕೆಂದರೆ, ಸರಸರವನ್ನು ಅಳಿಸುವ ಉತ್ಸಾಹದಲ್ಲಿ ಅದೇ ಎತ್ತರದಲ್ಲಿ ಸುಳಿಯುವ ಅಳಿದುಳಿದ ಅನುಸ್ವರಗಳನ್ನೂ ಅಳಿಸಿಬಿಡುತ್ತಾರೆ. ಕೊಳೆಯಿರುವ ತಟ್ಟೆಯನ್ನೇ ನಾನು ಆರಿಸಿಕೊಂಡೇನು.

ಹೊಸ ಮುದ್ರಣಗಳ ದೋಷ ಬೇರೆ ಬಗೆಯದು. ಇಪ್ಪತ್ತನಾಲ್ಕು ಬಿಟ್ಟಿನ ಸಲಕರಣೆ ಅತಿ ಮೆಲುದನಿಯ ಜವಾರಿಯನ್ನೂ ನಿಷ್ಕಳಂಕವಾಗಿ ಹಿಡಿಯಬಲ್ಲದು. ಇಂಥ ಭಾಗ್ಯ ಒದಗಿದ ಕಾಲದಲ್ಲಿಯೇ ಗಾಯಕರು ನಿಜವಾದ ತಂಬೂರಿಯನ್ನು ಮೂಲೆಗಿಟ್ಟು ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡಿದ್ದಾರೆ. ಸಾಲದುದಕ್ಕೆ ಕೃತಕ ಅನುರಣನವನ್ನು ಕಂಠದ ಮೇಲೆ ಸುರಿಯುತ್ತಾರೆ. ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿ, ಅದು ಮತ್ತೆ ಮತ್ತೆ ಮರಳುವುದನ್ನು ಎಣಿಸಿದ ವಿಜಯಪುರದ ಯಾವ ಶಾಲಾ ಬಾಲಕನೂ ಅಲ್ಲಿ ದ್ರುತದ ತಾನುಗಳನ್ನು ಹಾಡಿದರೆ ಏನಾದೀತೆಂದು ಹೇಳಬಲ್ಲನು: ಒಂದು ಸ್ವರ ಅಡಗುವ ಮುನ್ನವೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲವೂ ಗುಲ್ಲಾದೀತು. ಧ್ವನಿಶಾಲೆಯ ಯಂತ್ರಜ್ಞರಿಗೆ ಮಾತ್ರ ಇದು ವೈಭವವೆನಿಸುತ್ತದೆ.

ಸೂಕ್ಷ್ಮ ಮುದ್ರಣ ಪರಂಪರೆಯ ಕುಂದನ್ನೂ ಬಯಲಿಗೆಳೆಯುತ್ತದೆಂಬುದನ್ನು ಮರೆಮಾಚಬಾರದು. ಸ್ವರದಲ್ಲಿ ಮುಳುಗಿದ ಕಿರಾಣಾ ಗಾಯಕರು ಚೀಜಿನ ಮಾತುಗಳನ್ನು ನುಂಗುತ್ತಾರೆ, ಲಯದೊಡನೆ ಆಡುವುದರಲ್ಲಿ ಜಯಪುರದವರಷ್ಟು ಆಸಕ್ತರಲ್ಲ ಎಂಬ ಆಕ್ಷೇಪಣೆ ಹಳೆಯದು; ಹಳೆಯ ತಟ್ಟೆಯ ಮಬ್ಬಿನಲ್ಲಿ ಕ್ಷಮ್ಯವಾಗಿದ್ದ ಈ ದೋಷ ಸ್ವಚ್ಛ ಮುದ್ರಣದಲ್ಲಿ ನಿಚ್ಚಳವಾಗಿದೆ. ಮಾತು ಕೇಳಿಸದಿದ್ದುದು ಯಂತ್ರದ ತಪ್ಪೆಂದು ಇನ್ನು ನೆಪ ಹೇಳುವಂತಿಲ್ಲ. ಭೀಮಸೇನ ಜೋಶಿಯವರು (1922–2011) ಅನ್ಯ ಘರಾಣೆಗಳ ಬಲವನ್ನು ಧಾರಾಳವಾಗಿ ಎರವಲು ತಂದು ತಾನಿನ ಕೊರತೆಯನ್ನು ತುಂಬಿದರೇ ಹೊರತು ಮಾತಿನ ಕೊರತೆಯನ್ನಲ್ಲ. ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಾದರೋ ಯಂತ್ರದ ಪ್ರಗತಿಗೆ ನಾವು ನಿಜವಾಗಿ ಋಣಿಗಳು: 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಟ ತಟ್ಟೆಗಳಲ್ಲಿರುವುದು ಎಳೆಯ, ಎತ್ತರದ ದನಿ, ಮುಂದೆ ಗಂಟಲ ಚಿಕಿತ್ಸೆಯ ತರುವಾಯ ಅವರಿಗೆ ಬಂದ ಮಂದ್ರಗಂಭೀರ ಕಂಠದ ತೂಕವನ್ನು ತಾಳುವ ಶಕ್ತಿ ಟೇಪಿಗೂ ಲಾಂಗ್ ಪ್ಲೇ ತಟ್ಟೆಗೂ ಇತ್ತೇ ಹೊರತು ಮೂರು ಮಿನಿಟಿನ ಅರಗಿನ ತಟ್ಟೆಗಿರಲಿಲ್ಲ.

ಇವರಿಬ್ಬರಿಗೂ ಗುರುವಾದ ಕುಂದಗೋಳದ ಸವಾಯಿ ಗಂಧರ್ವರಿಗೆ ಆ ಅದೃಷ್ಟ ಕೂಡಿಬರಲಿಲ್ಲ. ಲಾಂಗ್ ಪ್ಲೇ ತಟ್ಟೆ ಅಮೆರಿಕೆಯಲ್ಲಿ ಹುಟ್ಟಿದ್ದು 1948ರಲ್ಲಿ. ಅಷ್ಟರಲ್ಲಿ ಪಾರ್ಶ್ವವಾಯು ಅವರನ್ನು ವೇದಿಕೆಯಿಂದ ದೂರಮಾಡಿತ್ತು. 1952ರಲ್ಲಿ ಅವರು ತೀರಿಕೊಂಡರು. ಅವರ ವಿಲಂಬಿತ ಹೇಗಿತ್ತೆಂಬುದನ್ನು ಕೆಲವೇ ಕಿರುತಟ್ಟೆಗಳಿಂದ ಊಹಿಸುವುದಕ್ಕಿಂತ ಶಿಷ್ಯರ ದೀರ್ಘ ಮುದ್ರಣಗಳಿಂದ ಹಿಂದಕ್ಕೆ ನಡೆದು ತರ್ಕಿಸುವುದೇ ಲೇಸು. ಆದರೆ ಆ ಶಿಷ್ಯರಿಬ್ಬರ ವಿಲಂಬಿತಗಳು ಒಂದನ್ನೊಂದು ಹೋಲುವುದಿಲ್ಲವಾದುದರಿಂದ, ತರ್ಕಿಸುವವನು ಯಾರ ಕಡೆಗೆ ವಾಲಬೇಕೆಂಬುದನ್ನು ಯಾವ ಯಂತ್ರವೂ ಹೇಳಿಕೊಡಲಾರದು. ನಾನು ಗಂಗೂಬಾಯಿಯವರ ಕಡೆಗೆ ವಾಲುತ್ತೇನೆ.